ಹುಲ್ಲುಹಾಸಿಗೆ ಬೆಳವಣಿಗೆ ನಿಯಂತ್ರಕ: ಮೈಸೂರು, ಮಂಡ್ಯದ ಹವೆಗೆ ಹೊಂದಿಸಿ ಬಳಸುವ ಕ್ರಮ

ಮೈಸೂರಿನಲ್ಲಿ ಮಳೆಗೆ ಎರಡು ಏರಿಕೆಗಳಿವೆ. ಒಂದು ಮೇ ತಿಂಗಳಿನದು, ಇನ್ನೊಂದು ಸೆಪ್ಟೆಂಬರ್, ಅಕ್ಟೋಬರಿನದು. ಈ ಎರಡೂ ಹೊತ್ತಿನಲ್ಲಿ ಇಲ್ಲಿನ ಹುಲ್ಲುಹಾಸುಗಳು ವಾರಕ್ಕೊಮ್ಮೆ ಕತ್ತರಿಸಿದರೂ ಹಿಡಿತಕ್ಕೆ ಸಿಗದಂತೆ ಬೆಳೆಯುತ್ತವೆ. ಎರಡನೆಯ ಏರಿಕೆ ದಸರೆಯ ಆಸುಪಾಸಿನಲ್ಲೇ ಬರುವುದರಿಂದ, ಅಂಗಳ ಅಚ್ಚುಕಟ್ಟಾಗಿ ಕಾಣಬೇಕಾದ ದಿನಗಳೂ, ನೆಲ ಒದ್ದೆಯಾಗಿ ಕತ್ತರಿಸುವ ಯಂತ್ರ ಇಳಿಸಲಾಗದ ದಿನಗಳೂ ಒಂದೇ ಆಗಿಬಿಡುತ್ತವೆ. ಹೋಟೆಲು, ಕಲ್ಯಾಣ ಮಂಟಪ, ಕಾಲೇಜು ಮೈದಾನ, ಬಡಾವಣೆಯ ಉದ್ಯಾನ ನೋಡಿಕೊಳ್ಳುವವರು ಸಸ್ಯ ಬೆಳವಣಿಗೆ ನಿಯಂತ್ರಕಗಳ ಬಗ್ಗೆ ವಿಚಾರಿಸುವುದು ಸಾಮಾನ್ಯವಾಗಿ ಈ ಸಂಕಟದಲ್ಲೇ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಚೆನ್ನಾಗಿ ಬೆಳೆಯುತ್ತಿರುವ ಹುಲ್ಲಿನ ಓಟವನ್ನು ತಗ್ಗಿಸಲು ಮಾತ್ರ ನಿಯಂತ್ರಕ ಬೇಕಾಗುತ್ತದೆ. ಸೊರಗಿದ ಹುಲ್ಲನ್ನು ಅದು ಸರಿಪಡಿಸುವುದಿಲ್ಲ. 30×40ರ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಎರಡು ಮೂರು ಚದರದಷ್ಟು ಹುಲ್ಲಿಗೆ ಇದರ ಅಗತ್ಯವೂ ಇಲ್ಲ. ಅಲ್ಲಿ ಹರಿತವಾದ ಕತ್ತರಿ ಮತ್ತು ಅರ್ಧ ಗಂಟೆಯ ದುಡಿಮೆ ಸಾಕು. ಐದಾರು ಗುಂಟೆಗಿಂತ ಹೆಚ್ಚು ಹುಲ್ಲು ಇರುವವರು, ಇಳಿಜಾರಿನಲ್ಲಿ ಅಥವಾ ಮರಗಳ ಕೆಳಗೆ ಹುಲ್ಲು ಬೆಳೆಸಿರುವವರು ಮುಂದಿನದನ್ನು ಓದಬಹುದು.

ಒಳಗೆ ನಡೆಯುವುದು ಏನು

ಮಂಡ್ಯದ ಭತ್ತದ ಬೆಳೆಗಾರರು ಒಟ್ಟಲಿನಲ್ಲಿ ಕೆಲವು ಸಸಿಗಳು ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಎತ್ತರವಾಗಿ, ತೆಳ್ಳಗೆ, ಬಿಳಿಚಿಕೊಂಡು ಬೆಳೆಯುವುದನ್ನು ನೋಡಿರುತ್ತಾರೆ. ಅದೊಂದು ಶಿಲೀಂಧ್ರ ರೋಗ. ಆ ಶಿಲೀಂಧ್ರ ಸ್ರವಿಸುವ ವಸ್ತುವೇ ಸಸಿಯನ್ನು ಹಾಗೆ ಎಳೆದು ಉದ್ದ ಮಾಡುತ್ತದೆ ಎಂಬುದನ್ನು ಜಪಾನಿನ ವಿಜ್ಞಾನಿ ಎಯಿಚಿ ಕುರೊಸಾವಾ 1926ರಲ್ಲಿ ತೋರಿಸಿದರು. ಆ ವಸ್ತುವಿಗೆ ಜಿಬ್ಬರೆಲಿನ್ ಎಂಬ ಹೆಸರು ಬಂತು. ಸಸ್ಯಗಳು ತಮ್ಮೊಳಗೂ ಅದನ್ನು ಅಳತೆಯಾಗಿ ತಯಾರಿಸಿಕೊಳ್ಳುತ್ತವೆ ಮತ್ತು ಅವುಗಳ ಕೋಶಗಳು ಉದ್ದವಾಗುವುದು ಅದರಿಂದಲೇ ಎಂಬುದು ಆಮೇಲೆ ತಿಳಿಯಿತು. 1966ರಲ್ಲಿ ಬಂದ ಐಆರ್-8 ಗಿಡ್ಡ ತಳಿಯ ಭತ್ತ ಗಾಳಿಗೆ ಮಲಗದೆ ನಿಂತದ್ದೂ ಇದೇ ಕಾರಣಕ್ಕೆ: ಅದರ ಗಿಡ್ಡತನದ ಗುಣಾಣು ಜಿಬ್ಬರೆಲಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ತಳಿಯಲ್ಲಿ ಶಾಶ್ವತವಾಗಿ ಆಗಿರುವ ಈ ಬದಲಾವಣೆಯನ್ನು ಹುಲ್ಲಿನ ಮೇಲೆ ಸಿಂಪಡಿಸುವ ನಿಯಂತ್ರಕ ಕೆಲವು ವಾರಗಳ ಮಟ್ಟಿಗೆ ಉಂಟುಮಾಡುತ್ತದೆ.

ಹುಲ್ಲುಹಾಸಿನಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ಟ್ರಿನೆಕ್ಸಪ್ಯಾಕ್-ಈಥೈಲ್. ಇದನ್ನು ಎಲೆ ಮತ್ತು ಎಲೆಯ ಬುಡ ಹೀರಿಕೊಳ್ಳುತ್ತವೆ; ಜಿಬ್ಬರೆಲಿನ್ ತಯಾರಿಕೆಯ ಕೊನೆಯ ಹಂತವನ್ನು ಅದು ತಡೆಯುತ್ತದೆ. ಪ್ರೋಹೆಕ್ಸಡಯೋನ್-ಕ್ಯಾಲ್ಸಿಯಂ ಕೂಡ ಅದೇ ಹಂತದಲ್ಲಿ ಕೆಲಸ ಮಾಡುತ್ತದೆ, ಆದರೆ ಅದರ ಪರಿಣಾಮ ಬೇಗ ಮುಗಿಯುತ್ತದೆ. ಕೋಶಗಳು ಹುಟ್ಟುವುದು ನಿಲ್ಲುವುದಿಲ್ಲ, ಅವು ಉದ್ದವಾಗುವುದು ಮಾತ್ರ ಕಡಿಮೆಯಾಗುತ್ತದೆ. ಹೀಗಾಗಿ ಮೇಲಕ್ಕೆ ಹೋಗಬೇಕಿದ್ದ ಶಕ್ತಿಯಲ್ಲಿ ಒಂದಷ್ಟು ಬುಡದ ಮರಿಗಳಿಗೆ, ಹರಿದು ಹೋಗುವ ಬಳ್ಳಿಗಳಿಗೆ ಸಿಕ್ಕಿ ಹುಲ್ಲು ದಟ್ಟವಾಗುತ್ತದೆ.

ಮಾವಿನ ಬೆಳೆಗಾರರಿಗೆ ಪರಿಚಿತವಾದ ಪ್ಯಾಕ್ಲೋಬ್ಯೂಟ್ರಝೋಲ್ ಕೂಡ ಜಿಬ್ಬರೆಲಿನ್ ತಡೆಯುವ ವಸ್ತುವೇ. ಬೇರೆ ದೇಶಗಳಲ್ಲಿ ಹುಲ್ಲಿಗೆಂದೇ ತಯಾರಿಸಿದ ಅದರ ಉತ್ಪನ್ನಗಳೂ ಇವೆ. ಆದರೆ ಮಾವಿನ ಬುಡಕ್ಕೆ ಹಾಕುವ ಡಬ್ಬಿಯನ್ನು ತಂದು ಹುಲ್ಲಿಗೆ ಸುರಿಯಬಾರದು. ಅದನ್ನು ಹೀರುವುದು ಬೇರು, ಮತ್ತು ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಗಳದ ಅಂಚಿನ ದಾಸವಾಳ, ಕನಕಾಂಬರ, ಮುಂದೆ ಅದೇ ಜಾಗದಲ್ಲಿ ನೆಡುವ ಸೇವಂತಿಗೆ ಎಲ್ಲವೂ ಗಿಡ್ಡವಾಗಿ ಮುರುಟುವ ಅಪಾಯವಿದೆ. ಹತ್ತಿ, ದ್ರಾಕ್ಷಿಗೆ ಬಳಸುವ ಕ್ಲೋರ್‌ಮೆಕ್ವಾಟ್ ಕ್ಲೋರೈಡನ್ನು ಅಳತೆ ಊಹಿಸಿ ಹುಲ್ಲಿಗೆ ಹೊಡೆಯುವುದನ್ನೂ ನಾನು ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ ಬೆಳವಣಿಗೆ ನಿಯಂತ್ರಕಗಳ ನೋಂದಣಿ 1968ರ ಕೀಟನಾಶಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆದ್ದರಿಂದ ಪರವಾನಗಿ ಇರುವ ಅಂಗಡಿಯಲ್ಲಿ, ಬಿಲ್ಲು ಪಡೆದು, ಲೇಬಲ್ಲಿನಲ್ಲಿ ನೋಂದಣಿ ಸಂಖ್ಯೆಯೂ ಹುಲ್ಲುಹಾಸಿನ ಹೆಸರೂ ಇರುವ ಉತ್ಪನ್ನವನ್ನು ಮಾತ್ರ ಕೊಳ್ಳಬೇಕು. ಸಂದೇಹವಿದ್ದರೆ ಮಂಡ್ಯದವರಿಗೆ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ಇದೆ, ಮೈಸೂರಿನವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಇದೆ. ಲೇಬಲ್ಲಿನ ಫೋಟೊ ತೆಗೆದುಕೊಂಡು ಹೋಗಿ ಕೇಳಿದರೆ ಮಾತು ಬೇಗ ಮುಗಿಯುತ್ತದೆ.

ಮೊದಲು ಹುಲ್ಲು ಯಾವುದೆಂದು ಗುರುತಿಸಿ

ನಮ್ಮ ಕಡೆಯ ಹುಲ್ಲುಹಾಸುಗಳೆಲ್ಲ ಬೆಚ್ಚನೆಯ ಹವೆಯ ಹುಲ್ಲುಗಳೇ. ನರ್ಸರಿಗಳಲ್ಲಿ ಸೆಲೆಕ್ಷನ್ ಒನ್ ಎಂದು ಮಾರುವುದು ಗರಿಕೆಯ ಜಾತಿ. ಕ್ರೀಡಾಂಗಣ, ಗಾಲ್ಫ್ ಅಂಗಳಗಳಲ್ಲಿ ಕಾಣುವ ಸಣ್ಣ ಎಲೆಯ ಹುಲ್ಲು ಹೆಚ್ಚಾಗಿ ಮಿಶ್ರತಳಿ ಗರಿಕೆ. ಮೆಕ್ಸಿಕನ್, ಕೊರಿಯನ್ ಎಂಬ ಹೆಸರಿನಲ್ಲಿ ಸಿಗುವುದು ಜೋಯಿಸಿಯಾ. ಮರದ ನೆರಳಿನಲ್ಲಿ ಹಾಕುವ ಅಗಲ ಎಲೆಯ ಹುಲ್ಲನ್ನು ಬಫೆಲೊ ಎನ್ನುತ್ತಾರೆ. ಈ ಭೇದ ತಿಳಿದಿರಬೇಕಾದ ಕಾರಣವೆಂದರೆ ಒಂದೇ ಔಷಧದ ಪ್ರಮಾಣ ಹುಲ್ಲಿನಿಂದ ಹುಲ್ಲಿಗೆ ಬದಲಾಗುತ್ತದೆ. ಸಾಮಾನ್ಯ ಗರಿಕೆಗೆ ಹೇಳಿರುವ ಪ್ರಮಾಣದ ಸುಮಾರು ಅರ್ಧವೇ ಮಿಶ್ರತಳಿ ಗರಿಕೆಗೆ ಸಾಕಾಗುತ್ತದೆ; ಅದಕ್ಕೆ ಪೂರ್ಣ ಪ್ರಮಾಣ ಕೊಟ್ಟರೆ ಹುಲ್ಲು ಹಳದಿಯಾಗಿ ಕೂತುಬಿಡುತ್ತದೆ.

ಇನ್ನು ಹುಲ್ಲಿನ ಸ್ಥಿತಿ. ಹೊಸದಾಗಿ ಹಾಸಿದ ಹುಲ್ಲು ಬೇರು ಬಿಟ್ಟು, ಸಂದುಗಳು ಮುಚ್ಚಿ, ಮೂರು ನಾಲ್ಕು ಸಲ ಕತ್ತರಿಸಿಕೊಳ್ಳುವವರೆಗೆ ನಿಯಂತ್ರಕದ ಯೋಚನೆ ಬೇಡ. ನೀರಿಲ್ಲದೆ ಬಾಡಿದ, ಗೊಣ್ಣೆಹುಳು ಬೇರು ತಿಂದ, ಎಲೆಚುಕ್ಕೆ ಹಿಡಿದ, ಜನ ಓಡಾಡಿ ಸವೆದ ಹುಲ್ಲಿಗೂ ಬೇಡ. ಇಂಥ ಹುಲ್ಲು ಚೇತರಿಸಿಕೊಳ್ಳುವುದೇ ಹೊಸ ಎಲೆಗಳ ಮೂಲಕ. ಬೆಳವಣಿಗೆಯನ್ನು ತಡೆದರೆ ರೋಗದ ಚುಕ್ಕೆಗಳು ಕತ್ತರಿಸಿಹೋಗದೆ ವಾರಗಟ್ಟಲೆ ಹಾಗೆಯೇ ಕಾಣುತ್ತ ನಿಲ್ಲುತ್ತವೆ. ಜೇಕು, ಅಂದರೆ ಕೊನ್ನಾರಿ ಗೆಡ್ಡೆಯ ಕಳೆ, ಇದ್ದರೆ ಅದನ್ನು ಮೊದಲು ತೆಗೆಯಬೇಕು. ನಿಯಂತ್ರಕ ಕಳೆನಾಶಕವಲ್ಲ. ಹುಲ್ಲು ತಗ್ಗಿನಲ್ಲೇ ನಿಂತಾಗ ಜೇಕು ತನ್ನ ಪಾಡಿಗೆ ತಾನು ಮೇಲೆದ್ದು, ಮೊದಲಿಗಿಂತ ಹೆಚ್ಚು ಎದ್ದು ಕಾಣುತ್ತದೆ.

ಗೊಬ್ಬರ, ನೀರು, ಕತ್ತರಿಕೆ

ಸಿಂಪಡಣೆಗೆ ಒಂದು ವಾರ ಮೊದಲು ಹುಲ್ಲಿಗೆ ಸ್ವಲ್ಪ ಸಾರಜನಕ ಕೊಡಿ. 100 ಚದರ ಮೀಟರಿಗೆ ಅರ್ಧ ಕಿಲೋ ಯೂರಿಯಾ, ಅಂದರೆ ಸುಮಾರು 230 ಗ್ರಾಂ ಸಾರಜನಕ, ಹದವಾದ ಪ್ರಮಾಣ. ಹುಲ್ಲು ಒಣಗಿರುವಾಗ ಸಮವಾಗಿ ಎರಚಿ ಕೂಡಲೇ ನೀರು ಹಾಯಿಸಬೇಕು. ಕಾಳುಗಳು ಒದ್ದೆ ಎಲೆಗೆ ಅಂಟಿಕೊಂಡರೆ ಸುಟ್ಟ ಮಚ್ಚೆಗಳಾಗುತ್ತವೆ. ಹಸಿದ ಹುಲ್ಲಿಗೆ ನಿಯಂತ್ರಕ ಹೊಡೆದರೆ ಸಿಗುವುದು ಹಳದಿ ಬಣ್ಣವೇ ಹೊರತು ದಟ್ಟಣೆಯಲ್ಲ. ಹಾಗೆಂದು ಗೊಬ್ಬರವನ್ನು ಇಮ್ಮಡಿ ಮಾಡಿದರೆ ನಿಯಂತ್ರಕದ ದುಡ್ಡೂ ದಂಡ, ಗೊಬ್ಬರದ ದುಡ್ಡೂ ದಂಡ, ಏಕೆಂದರೆ ಒಂದು ಬೆಳವಣಿಗೆಯನ್ನು ಎಬ್ಬಿಸುತ್ತಿದ್ದರೆ ಇನ್ನೊಂದು ಅದನ್ನು ತಡೆಯುತ್ತಿರುತ್ತದೆ.

ಸಿಂಪಡಣೆಗೆ ಒಂದೆರಡು ದಿನ ಮೊದಲು ಹರಿತವಾದ ಬ್ಲೇಡಿನಿಂದ, ನಿಮಗೆ ಬೇಕಾದ ಎತ್ತರಕ್ಕೆ ಹುಲ್ಲನ್ನು ಕತ್ತರಿಸಿಡಿ. ಇದ್ದ ಎತ್ತರದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದೇ ಸಲ ತೆಗೆಯಬಾರದು. ಸೆಲೆಕ್ಷನ್ ಒನ್ ಮತ್ತು ಜೋಯಿಸಿಯಾಗಳಿಗೆ 25ರಿಂದ 40 ಮಿಲಿಮೀಟರ್ ಹೊಂದುತ್ತದೆ; ಬಫೆಲೊ ಹುಲ್ಲನ್ನು 50ಕ್ಕಿಂತ ಕೆಳಗೆ ಇಳಿಸದಿರುವುದು ಲೇಸು. ಬುಡದ ಕಂದು ಕಾಂಡ ಕಾಣುವಂತೆ ಬೋಳಾಗಿ ಕತ್ತರಿಸಿಬಿಟ್ಟಿದ್ದರೆ ಆ ಸಲದ ಸಿಂಪಡಣೆಯನ್ನು ಮುಂದಕ್ಕೆ ಹಾಕಿ, ಎಲೆ ಮರಳಿ ತುಂಬುವವರೆಗೆ ಕಾಯಬೇಕು.

ಅಳತೆ

ಹುಲ್ಲುಹಾಸು ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲೇ, ಆದ್ದರಿಂದ ಇಲ್ಲಿ ಅವಸರ ಬೇಡ. ನಿಯಂತ್ರಕದ ಪ್ರಮಾಣ ಅಷ್ಟು ನೆಲಕ್ಕೆ ಇಷ್ಟು ಎಂಬ ಲೆಕ್ಕದ್ದು. ಕೀಟನಾಶಕಕ್ಕೆ ಅಭ್ಯಾಸವಾಗಿರುವಂತೆ ಒಂದು ಕ್ಯಾನಿಗೆ ಇಷ್ಟು ಮುಚ್ಚಳ ಎಂಬ ಲೆಕ್ಕ ಇದಕ್ಕೆ ಸಲ್ಲದು. ನಮಗೆ ಅನುಕೂಲವಾದ ಒಂದು ಸಂಗತಿಯಿದೆ. ಒಂದು ಗುಂಟೆ ಎಂದರೆ 1089 ಚದರ ಅಡಿ, ಅಂದರೆ 101 ಚದರ ಮೀಟರ್. ಲೇಬಲ್ಲಿನಲ್ಲಿ ಹೆಕ್ಟೇರಿಗೆ ಎಷ್ಟು ಎಂದು ಬರೆದಿದೆಯೋ ಅದರ ನೂರನೆಯ ಒಂದು ಭಾಗ, ಸಣ್ಣ ವ್ಯತ್ಯಾಸ ಬಿಟ್ಟರೆ, ಒಂದು ಗುಂಟೆಗೆ ಸಾಕು. ಹೆಕ್ಟೇರಿಗೆ ಒಂದು ಲೀಟರ್ ಎಂದಿದ್ದರೆ ಗುಂಟೆಗೆ 10 ಮಿಲಿಲೀಟರ್.

ಮೊದಲು ಬರೀ ನೀರಿನಿಂದ ನಿಮ್ಮ ಸ್ಪ್ರೇಯರನ್ನೂ ನಿಮ್ಮ ನಡಿಗೆಯನ್ನೂ ಅಳೆಯಿರಿ. 10 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗಕ್ಕೆ ದಾರ ಕಟ್ಟಿ, ಕ್ಯಾನಿಗೆ ಅಳೆದು ನೀರು ತುಂಬಿ, ನೀವು ಸಹಜವಾಗಿ ನಡೆಯುವ ವೇಗದಲ್ಲಿ ಇಡೀ ಜಾಗಕ್ಕೆ ಸಿಂಪಡಿಸಿ, ಉಳಿದದ್ದನ್ನು ಅಳೆಯಿರಿ. ಎರಡೂವರೆ ಲೀಟರ್ ಖರ್ಚಾಗಿದ್ದರೆ 100 ಚದರ ಮೀಟರಿಗೆ 5 ಲೀಟರ್ ಆಯಿತು. 16 ಲೀಟರಿನ ಕ್ಯಾನು 320 ಚದರ ಮೀಟರಿಗೆ, ಮೂರು ಗುಂಟೆಗಿಂತ ಸ್ವಲ್ಪ ಹೆಚ್ಚಿಗೆ ಬರುತ್ತದೆ. ಲೆಕ್ಕಕ್ಕೆಂದು, ನಿಮ್ಮ ಲೇಬಲ್ಲು ನಿಮ್ಮ ಹುಲ್ಲಿಗೆ ಹೆಕ್ಟೇರಿಗೆ 800 ಮಿಲಿಲೀಟರ್ ಹೇಳಿದೆ ಎಂದುಕೊಳ್ಳೋಣ. ಆಗ 100 ಚದರ ಮೀಟರಿಗೆ 8, ಒಂದು ಕ್ಯಾನಿಗೆ 25.6 ಮಿಲಿಲೀಟರ್. ಇಷ್ಟು ಸಣ್ಣ ಅಳತೆಯನ್ನು ಸೂಜಿ ತೆಗೆದ ಸಿರಿಂಜಿನಿಂದಲೇ ಅಳೆಯಬೇಕು, ಮತ್ತು ಆ ಸಿರಿಂಜನ್ನು ಬೇರೆ ಯಾವುದಕ್ಕೂ ಬಳಸದೆ ಗುರುತು ಹಾಕಿ ತೆಗೆದಿಡಬೇಕು. ತಮ್ಮ ಹುಲ್ಲಿನ ಮೇಲೆ ಮೊದಲ ಸಲ ಸಿಂಪಡಿಸುವವರು ಲೇಬಲ್ಲು ಹೇಳಿದ ಮಿತಿಯ ಕೆಳತುದಿಯಿಂದ ಆರಂಭಿಸುವುದು ಕ್ಷೇಮ.

ನಾಜಲ್ಲು ಬೀಸಣಿಗೆಯ ಆಕಾರದಲ್ಲಿ ಚಪ್ಪಟೆಯಾಗಿ ಹರಡುವಂಥದ್ದಾಗಿರಬೇಕು. ಭತ್ತಕ್ಕೆ, ತರಕಾರಿಗೆ ಕೀಟನಾಶಕ ಹೊಡೆಯುವ ಕೋನ್ ನಾಜಲ್ಲಿನಿಂದ ಹುಲ್ಲಿನ ಮೇಲೆ ಸಮವಾಗಿ ಬೀಳುವಂತೆ ಹೊಡೆಯುವುದು ಕಷ್ಟ. ಸಿಂಪಡಣೆ ಎರಡು ಸಲ ಬಿದ್ದ ಪಟ್ಟಿ ಹಳದಿಯಾಗಿ, ಬೀಳದೆ ಉಳಿದ ಪಟ್ಟಿ ಎತ್ತರವಾಗಿ, ಹತ್ತು ದಿನ ಕಳೆಯುವಷ್ಟರಲ್ಲಿ ಇಡೀ ಅಂಗಳ ಪಟ್ಟೆ ಸೀರೆಯಂತೆ ಕಾಣುತ್ತದೆ. ಇದನ್ನು ತಪ್ಪಿಸಲು ದಾರ ಕಟ್ಟಿಕೊಂಡು, ನಾಜಲ್ಲನ್ನು ಮೊಣಕಾಲಿನ ಎತ್ತರದಲ್ಲಿ ಒಂದೇ ಸಮನೆ ಹಿಡಿದು, ಬಲಕ್ಕೂ ಎಡಕ್ಕೂ ಬೀಸದೆ ನೇರವಾಗಿ ನಡೆಯಬೇಕು.

ಬೋರ್‌ವೆಲ್ ನೀರು ಗಡಸಾಗಿದ್ದರೆ ಪ್ರೋಹೆಕ್ಸಡಯೋನಿನ ಕೆಲಸ ಕುಂದುತ್ತದೆ. ಕ್ಷಾರ ಹೆಚ್ಚಿರುವ ನೀರಿನಲ್ಲಿ ಟ್ರಿನೆಕ್ಸಪ್ಯಾಕ್ ಹೆಚ್ಚು ಹೊತ್ತು ಕೆಡದೆ ಉಳಿಯುವುದಿಲ್ಲ. ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಸಿಕ್ಕರೆ ಅದನ್ನೇ ಬಳಸಿ, ಬೆರೆಸಿದ್ದನ್ನು ಅಂದೇ ಮುಗಿಸಿ.

ಸಿಂಪಡಣೆಯ ದಿನ

ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ ಕೆಲಸ ಮುಗಿಸಬೇಕು. ಆಷಾಢದ ಗಾಳಿಯಲ್ಲಿ ಮೈಸೂರಿನಲ್ಲಿ ಇಂಥ ಬೆಳಗು ಸಿಗುವುದು ಅಪರೂಪ. ಗಾಳಿಯಿದ್ದರೆ ಮರುದಿನಕ್ಕೆ ಬಿಡಿ, ಹನಿಗಳು ಹೂವಿನ ಪಾತಿಗೆ ಹಾರಿದರೆ ಚೆಂಡುಹೂವೂ ಕುಗ್ಗಬಹುದು. ಟ್ರಿನೆಕ್ಸಪ್ಯಾಕ್ ಎಲೆಯೊಳಗೆ ಇಳಿಯಲು ಸುಮಾರು ಒಂದು ಗಂಟೆ ಸಾಕು, ಆಮೇಲೆ ಮಳೆ ಬಂದರೂ ಚಿಂತೆಯಿಲ್ಲ. ಅಕ್ಟೋಬರಿನ ಸಂಜೆಮಳೆಯ ದಿನಗಳಲ್ಲಿ ಇದು ದೊಡ್ಡ ಅನುಕೂಲ. ಕೈಗವಸು, ತುಂಬುತೋಳಿನ ಅಂಗಿ, ಮಾಸ್ಕು, ಮುಚ್ಚಿದ ಪಾದರಕ್ಷೆ ಕಡ್ಡಾಯ. ಹುಲ್ಲು ಪೂರ್ತಿ ಒಣಗುವವರೆಗೆ ಮಕ್ಕಳನ್ನೂ ನಾಯಿಯನ್ನೂ ಬಿಡಬೇಡಿ, ಮರುದಿನದವರೆಗೆ ಹುಲ್ಲನ್ನು ಕತ್ತರಿಸಬೇಡಿ.

ಸಿಂಪಡಿಸುವ ಮುನ್ನ ಒಂದು ಮೂಲೆಯಲ್ಲಿ ಹಳೆಯ ಪ್ಲೈವುಡ್ ಹಲಗೆಯನ್ನೋ ಟಾರ್ಪಾಲನ್ನೋ ಹಾಸಿ, ಮುಗಿದ ಮೇಲೆ ತೆಗೆಯಿರಿ. ಔಷಧ ತಾಕದ ಆ ತುಣುಕು ಇಲ್ಲದಿದ್ದರೆ ಬೆಳವಣಿಗೆ ತಗ್ಗಿದ್ದು ನಿಯಂತ್ರಕದಿಂದಲೋ ಮೋಡ ಕವಿದದ್ದರಿಂದಲೋ ಎಂದು ಹೇಳಲು ಬರುವುದಿಲ್ಲ.

ನಮ್ಮ ಊರುಗಳಿಗೇ ವಿಶೇಷವಾದ ಎರಡು ಎಚ್ಚರಿಕೆಗಳಿವೆ. ಕತ್ತರಿಸಿದ ಹುಲ್ಲನ್ನು ಗೋಣಿಚೀಲದಲ್ಲಿ ತುಂಬಿ ಹಸುವಿಗೆಂದು ಒಯ್ಯುವವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ನಿಯಂತ್ರಕ ಬಿದ್ದ ಹುಲ್ಲನ್ನು ದನಕ್ಕೆ ಹಾಕಬಾರದು, ಅದರ ಮೇಲೆ ಮೇಯಿಸಲೂಬಾರದು. ಮಾಲಿಗೂ ಹುಲ್ಲು ಒಯ್ಯುವವರಿಗೂ ಇದನ್ನು ಮೊದಲೇ ತಿಳಿಸಿ, ಆ ಹುಲ್ಲನ್ನು ಅಂಗಳದಲ್ಲೇ ಉದುರಲು ಬಿಡಬೇಕು. ಎರಡನೆಯದು ಗೌರಿ ಗಣೇಶ ಹಬ್ಬ. ಹಬ್ಬದ ಹಿಂದಿನ ದಿನ ಗಣಪನಿಗೆಂದು ಗರಿಕೆ ಕೀಳಲು ಅಕ್ಕಪಕ್ಕದವರು ಉದ್ಯಾನಕ್ಕೇ ಬರುತ್ತಾರೆ. ಗರಿಕೆಯ ರಸ ಕುಡಿಯುವ ರೂಢಿ ಇರುವ ಮನೆಗಳೂ ಇವೆ. ಬೇಲಿಯ ಪಕ್ಕದಲ್ಲಿ ಒಂದಿಷ್ಟು ಗರಿಕೆಯನ್ನು ಯಾವ ಔಷಧವೂ ತಾಕದಂತೆ ಪ್ರತ್ಯೇಕವಾಗಿ ಬೆಳೆಸಿ, ಅಲ್ಲಿಂದಲೇ ಕೀಳುವಂತೆ ಫಲಕ ಹಾಕುವುದು ಉದ್ಯಾನ ನೋಡಿಕೊಳ್ಳುವವರ ಕರ್ತವ್ಯ ಎಂದೇ ನಾನು ಭಾವಿಸುತ್ತೇನೆ.

ಮರುಸಿಂಪಡಣೆ: ಬಿಸಿಯ ಲೆಕ್ಕ

ಮೂರರಿಂದ ಐದು ದಿನದಲ್ಲಿ ಓಟ ತಗ್ಗಲು ಆರಂಭಿಸುತ್ತದೆ. ಮೊದಲ ವಾರ ಎಲೆ ತುಸು ಮಂಕಾಗಬಹುದು. ಗಾಬರಿಗೊಂಡು ಮತ್ತೆ ಯೂರಿಯಾ ಸುರಿಯಬೇಡಿ, ಅದು ತಾನಾಗಿ ಕಳೆದು ಹುಲ್ಲು ಮೊದಲಿಗಿಂತ ಗಾಢ ಹಸಿರಿಗೆ ಬರುತ್ತದೆ. ಒಂದು ಬಳ್ಳಿಯನ್ನು ಕಿತ್ತು ಹಲಗೆ ಹಾಸಿದ್ದ ಮೂಲೆಯ ಬಳ್ಳಿಯ ಪಕ್ಕದಲ್ಲಿಟ್ಟು ನೋಡಿ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಕಡಿಮೆಯಾಗಿ, ಎಲೆಗಳು ಒತ್ತೊತ್ತಾಗಿ ಬಂದಿದ್ದರೆ ಔಷಧ ಕೆಲಸ ಮಾಡಿದೆ.

ಈ ಔಷಧವನ್ನು ಹುಲ್ಲು ತನ್ನೊಳಗೇ ಒಡೆದು ಮುಗಿಸುತ್ತದೆ, ಮತ್ತು ಬಿಸಿ ಹೆಚ್ಚಿದಷ್ಟೂ ಬೇಗ ಮುಗಿಸುತ್ತದೆ. ಮುಗಿದ ಮೇಲೆ ಕೆಲವು ದಿನ ಹುಲ್ಲು ಸಿಂಪಡಿಸದ ಹುಲ್ಲಿಗಿಂತಲೂ ವೇಗವಾಗಿ ಏಳುತ್ತದೆ. ಆದ್ದರಿಂದ ಕ್ಯಾಲೆಂಡರಿನ ದಿನಗಳಿಗಿಂತ ಬಿಸಿಯನ್ನು ಲೆಕ್ಕ ಇಡುವುದು ಸರಿಯಾದ ಕ್ರಮ. ದಿನದ ಗರಿಷ್ಠ ಮತ್ತು ಕನಿಷ್ಠ ತಾಪಮಾನಗಳನ್ನು ಕೂಡಿಸಿ ಎರಡರಿಂದ ಭಾಗಿಸಿ, ಬಂದದ್ದರಲ್ಲಿ 10 ಕಳೆಯಿರಿ. ಸಿಂಪಡಿಸಿದ ದಿನದಿಂದ ಪ್ರತಿದಿನದ ಈ ಅಂಕಿಯನ್ನು ಕೂಡಿಸುತ್ತ ಹೋಗಿ. ತೀರ ಗಿಡ್ಡವಾಗಿ ಕತ್ತರಿಸುವ ಗಾಲ್ಫ್ ಅಂಗಳದ ಮಿಶ್ರತಳಿ ಗರಿಕೆಯಲ್ಲಿ ಟ್ರಿನೆಕ್ಸಪ್ಯಾಕಿನ ಮರುಸಿಂಪಡಣೆಗೆ ಮೊತ್ತ ಸುಮಾರು 220 ಎಂದು ಅಮೆರಿಕದ ಪ್ರಯೋಗಗಳಿಂದ ಕಂಡುಬಂದಿದೆ. ಗರಿಷ್ಠ 34, ಕನಿಷ್ಠ 21 ಇರುವ ನಮ್ಮ ಏಪ್ರಿಲ್ ದಿನ 17.5 ಕೊಡುತ್ತದೆ, 220 ತುಂಬಲು 12, 13 ದಿನ. 28 ಮತ್ತು 20ರ ಜುಲೈ ದಿನ 14 ಕೊಡುತ್ತದೆ. ಸುಮಾರು 16 ದಿನ. 27 ಮತ್ತು 16ರ ಡಿಸೆಂಬರಿನಲ್ಲಿ 19 ದಿನ ಬೇಕು. ತಂಪು ದೇಶದ ಹುಲ್ಲುಗಳಿಗಾಗಿ ಮಾಡಿರುವ, 10ನ್ನು ಕಳೆಯದ ಲೆಕ್ಕವನ್ನು ಅಂತರ್ಜಾಲದಿಂದ ಎತ್ತಿಕೊಂಡು ಇಲ್ಲಿ ಬಳಸಿದರೆ ಏಪ್ರಿಲಿನಲ್ಲಿ ವಾರವಾರವೂ ಸಿಂಪಡಿಸಿದಂತಾಗಿ ಹುಲ್ಲು ಸೊರಗುತ್ತದೆ.

ಎತ್ತರವಾಗಿ ಕತ್ತರಿಸುವ ಉದ್ಯಾನದ ಹುಲ್ಲಿಗೆ 220 ಅಂತಿಮ ಅಂಕಿಯಲ್ಲ. ಲೇಬಲ್ಲಿನ ಕನಿಷ್ಠ ಅಂತರಕ್ಕಿಂತ ಮೊದಲು ಎಂದೂ ಸಿಂಪಡಿಸಬಾರದು. ನಿರ್ಣಯಕ್ಕೆ ಒಂದು ಬಕೆಟ್ ಸಾಕು. ಪ್ರತಿ ಸಲ ಒಂದೇ ಅಳತೆಯ ಪಟ್ಟಿಯನ್ನು, ಒಂದೇ ಎತ್ತರಕ್ಕೆ, ಒಂದೇ ಅಂತರದ ದಿನಗಳಲ್ಲಿ ಕತ್ತರಿಸಿ, ಬಿದ್ದ ಹುಲ್ಲು ಬಕೆಟ್ಟಿನಲ್ಲಿ ಎಷ್ಟು ಮಟ್ಟಕ್ಕೆ ಬರುತ್ತದೆಂದು ಮೊತ್ತದ ಎದುರಿಗೆ ಬರೆದಿಡಿ. ತಗ್ಗಿದ್ದ ಮಟ್ಟ ಮತ್ತೆ ಏರಲು ತೊಡಗಿದ ಮೊತ್ತವೇ ನಿಮ್ಮ ಹುಲ್ಲಿನ ಅಂಕಿ. ಮುಂದಿನ ಸಲ ಅದಕ್ಕೆ ತುಸು ಮೊದಲೇ ಸಿಂಪಡಿಸಿ.

ಮಳೆಮರ, ಗುಲ್‌ಮೊಹರಿನ ನೆರಳಿನ ಜೋಯಿಸಿಯಾಗೆ ನಿಯಂತ್ರಕದಿಂದ ಹೆಚ್ಚಿನ ಲಾಭವಿದೆ. ನೆರಳಿನಲ್ಲಿ ಹುಲ್ಲು ಬೆಳಕು ಹುಡುಕುತ್ತ ಉದ್ದುದ್ದವಾಗಿ ಎದ್ದು ತನ್ನ ಸಂಗ್ರಹವನ್ನೆಲ್ಲ ಖಾಲಿ ಮಾಡಿಕೊಂಡು ತೆಳುವಾಗುತ್ತದೆ. ಆ ಎಳೆತವನ್ನು ತಗ್ಗಿಸಿದರೆ ಬುಡ ಉಳಿಯುತ್ತದೆ. ಅಲ್ಲಿ ಪ್ರಮಾಣ ಕಡಿಮೆ ಇರಲಿ, ಕತ್ತರಿಸುವ ಎತ್ತರ ಹೆಚ್ಚಿರಲಿ. ತೆನೆ ಬರುವುದನ್ನು ಟ್ರಿನೆಕ್ಸಪ್ಯಾಕ್ ನಂಬಬಹುದಾದಷ್ಟು ತಡೆಯುವುದಿಲ್ಲ, ಅದಕ್ಕೆ ಹರಿತವಾದ ಬ್ಲೇಡೇ ಗತಿ.

ದಸರೆಗೆ ಸಿದ್ಧಪಡಿಸುವವರು ಹಿಂದಕ್ಕೆ ಎಣಿಸಬೇಕು. ಮೊದಲ ವಾರದ ಮಂಕು ಕಳೆದು ಹಸಿರು ಕೂಡಬೇಕಾದ್ದರಿಂದ ಹಬ್ಬಕ್ಕೆ ಎರಡು ವಾರ ಮೊದಲು ಸಿಂಪಡಣೆ ಮುಗಿದಿರಲಿ. ಆ ಲೆಕ್ಕದಲ್ಲಿ ವಿಜಯದಶಮಿಯ ಹೊತ್ತಿಗೆ ಮೊತ್ತ 220ರ ಹತ್ತಿರ ಬಂದಿರುತ್ತದೆ, ಹಬ್ಬ ಮುಗಿದ ವಾರವೇ ಹುಲ್ಲು ರಭಸದಿಂದ ಏಳಬಹುದು. ಆ ವಾರಕ್ಕೆ ಯಂತ್ರವನ್ನೂ ಆಳನ್ನೂ ಮೊದಲೇ ಗೊತ್ತು ಮಾಡಿಡಿ, ಇಲ್ಲವೇ ಲೇಬಲ್ಲು ಅನುಮತಿಸಿದರೆ ಇನ್ನೊಂದು ಸಿಂಪಡಣೆ ಕೊಡಿ. ನವೆಂಬರ್ ಕಳೆದು ಚಳಿ ಬಿದ್ದ ಮೇಲೆ ಫೆಬ್ರವರಿಯವರೆಗೆ ನಿಯಂತ್ರಕ ಬೇಡ. ಬೆಳವಣಿಗೆ ಆಗ ತಾನಾಗಿಯೇ ತಗ್ಗಿರುತ್ತದೆ.

ಕ್ಯಾನನ್ನು ಮೂರು ಸಲ ತೊಳೆದು ಆ ನೀರನ್ನು ಸಿಂಪಡಿಸಿದ ಹುಲ್ಲಿನ ಮೇಲೆಯೇ ತೆಳುವಾಗಿ ಹರಡಿ. ನಾಲೆಗೆ, ಕೆರೆಗೆ, ಚರಂಡಿಗೆ ಅದು ಹೋಗಬಾರದು. ಉಳಿದ ಔಷಧ ಅದರದೇ ಬಾಟಲಿಯಲ್ಲಿ, ಲೇಬಲ್ ಸಮೇತ, ಬೀಗ ಹಾಕಿದ ಕಪಾಟಿನಲ್ಲಿರಲಿ. ಪಕ್ಕದಲ್ಲೇ ಸಿಂಪಡಿಸಿದ ದಿನಾಂಕ, ಪ್ರಮಾಣ, ಮೊತ್ತ, ಬಕೆಟ್ಟಿನ ಮಟ್ಟ ಬರೆದ ಪುಸ್ತಕವನ್ನೂ ಇಡಿ. ಮಾಲಿ ಬದಲಾದಾಗ ಹೊಸಬನಿಗೆ ಬೇಕಾಗುವುದು ಅದೇ.